ಅರವತ್ತು ದಿನಗಳ ಮಟ್ಟಿಗೆ ಒಂದು ನಾಯಿ

ಮಾರ್ಚ್ 4

ಅಕ್ಕಾ,

ಕ್ಷೇಮ ಸಮಾಚಾರದಿಂದ ಶುರು ಮಾಡಬೇಕೆಂದು ಗೊತ್ತು. ಆದರೆ ಇಲ್ಲಿ ಕ್ಷೇಮವಿಲ್ಲ, ಇರುವುದು ವಾಸನೆ ಮಾತ್ರ.

ಹೋದ ತಿಂಗಳು ಮನೆ ನೋಡಲು ಬಂದವಳು ಮನೆ ನೋಡಿಕೊಂಡು ಹೋಗಬಹುದಿತ್ತು. ಮೇಲಿನ ಕೋಣೆ ನಿನಗೇ ಎಂದು ನಾನೇ ಹೇಳಿದ್ದೆ. ನಾಟಕದವರಿಗೆ ವೇಷ ಹೊಲಿದು ಹೊಲಿದು ಕಣ್ಣು ಸೋತಿವೆ, ಇನ್ನು ಆ ಊರಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀ ಎಂದು. ಅಷ್ಟಕ್ಕೆ ತೃಪ್ತಿಯಾಗದೆ ನಾಯಿಗಳ ಆಶ್ರಯಕ್ಕೆ ಹೋಗಿ, ಒಂದು ನಾಯಿಯ ಮುಂದೆ ಕರಗಿ ನೀರಾಗಿ, ಕಾಗದಕ್ಕೆ ಸಹಿ ಹಾಕಿ, "ಚಿಕ್ಕದೊಂದು ಆಪರೇಷನ್ ಇದೆ, ಮುಗಿಸ್ಕೊಂಡು ಬಂದ್ಬಿಡ್ತೀನಿ, ಅಲ್ಲೀವರೆಗೂ ನೋಡ್ಕೋ" ಎಂದು ಹೇಳಿ ಬಸ್ಸು ಹತ್ತಿದೆ. ಆಶ್ರಯದವರು ನಿನ್ನೆ ಆ ಪ್ರಾಣಿಯನ್ನು ತಂದು ನನ್ನ ಬಾಗಿಲಲ್ಲಿ ಇಳಿಸಿ, ತಿರುಗಿ ನೋಡದೆ ಹೋದರು. ಅವರ ಅವಸರ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಕಾಗದದಲ್ಲಿ ಹೀಗಿದೆ: ಟೆರಿಯರ್ ಮಿಶ್ರ ತಳಿ, ಗಂಡು, ಒಂಬತ್ತು ತಿಂಗಳು, ತರಬೇತಿ ಮತ್ತು ತಾಳ್ಮೆ ಅಗತ್ಯ. ಮಿಶ್ರ ಎಂದರೆ ಯಾವುದರ ಜೊತೆ ಎಂದು ಕೇಳಿದೆ. ಅವರು ನಕ್ಕರು. ಪಾತ್ರೆ ಉಜ್ಜುವ ಬ್ರಷ್ಷಿನ ಜೊತೆ ಇರಬೇಕು. ಅರವತ್ತು ದಿನ ಪರೀಕ್ಷೆಯ ಅವಧಿಯಂತೆ. ಅಷ್ಟರೊಳಗೆ ಬೇಡವೆಂದರೆ ವಾಪಸು ತೆಗೆದುಕೊಳ್ಳುತ್ತಾರೆ, ಬೇಕೆಂದರೆ ಕೊನೆಯ ಸಹಿ ಹಾಕಬೇಕು. ನಾನು ಆಗಲೇ ದಿನ ಎಣಿಸಲು ಶುರು ಮಾಡಿದ್ದೇನೆ.

ಇಪ್ಪತ್ತೆಂಟು ವರ್ಷ ನೈರ್ಮಲ್ಯ ಇನ್‌ಸ್ಪೆಕ್ಟರಾಗಿ ಹೋಟೆಲುಗಳ ಅಡುಗೆಮನೆ ಹೊಕ್ಕು ಬಂದವನು ನಾನು. ಹುಳು ಬಿದ್ದ ಮಾಂಸ ನೋಡಿದ್ದೇನೆ, ಹಿಟ್ಟಿನ ಡಬ್ಬದಲ್ಲಿ ಇಲಿ ಮರಿ ಹಾಕಿದ್ದನ್ನು ನೋಡಿದ್ದೇನೆ. ಆದರೆ ಅವಕ್ಕೆಲ್ಲ ಬೀಗ ಹಾಕಿಸಿ ಮನೆಗೆ ಬಂದು ಕೈ ತೊಳೆಯುತ್ತಿದ್ದೆ. ಈಗ ಬೀಗದ ಒಳಗಡೆ ನಾನೇ ಇದ್ದೇನೆ. ಇದಕ್ಕೊಂದು ಗಡ್ಡವಿದೆ. ನೀರು ಕುಡಿದು ಆ ಗಡ್ಡವನ್ನು ನನ್ನ ಪ್ಯಾಂಟಿಗೆ ಒರೆಸುತ್ತದೆ. ಸಂಜೆ ಗಡ್ಡದಲ್ಲಿ ಬೆಳಗಿನ ಮಾಂಸದ ಚೂರು ಸಿಕ್ಕಿತು. ಬಂದ ಅರ್ಧ ಗಂಟೆಯೊಳಗೆ ನನ್ನ ಕೆಲಸದ ಬೂಟಿನಲ್ಲಿ ಉಚ್ಚೆ ಹೊಯ್ದಿತು. ಬೂಟಿನ ಮೇಲಲ್ಲ, ಒಳಗೆ.

ನೀನು ಇಟ್ಟ 'ಚಿನ್ನು' ಎಂಬ ಹೆಸರು ನನ್ನ ಬಾಯಲ್ಲಿ ಹೊರಡುವುದಿಲ್ಲ. ಪೊರಕೆ ಎಂದು ಕರೆಯುತ್ತಿದ್ದೇನೆ. ಫೋನು ಇಟ್ಟುಕೋ ಎಂದು ಮತ್ತೆ ಹೇಳಬೇಡ, ಊರವರ ಉಗುಳು ಮೆತ್ತಿದ ವಸ್ತುವನ್ನು ಕಿವಿಗೆ ಒತ್ತಿಕೊಳ್ಳುವುದು ನನ್ನಿಂದಾಗದು. ಬೇಗ ಬಂದು ನಿನ್ನ ಸೊತ್ತು ನೀನು ತೆಗೆದುಕೋ.

ತಮ್ಮ


ಮಾರ್ಚ್ 11

ಮೂಗಪ್ಪಾ,

ನಿನ್ನ ಕಾಗದ ಓದಿ ನಕ್ಕೆ. ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ನಕ್ಕೆ. ಆಪರೇಷನ್ ಆಯಿತು. ಹೊಟ್ಟೆಯಲ್ಲೊಂದು ಗಂಟಿತ್ತು, ತೆಗೆದರು, ಮುಗಿಯಿತು. ವಾರ್ಡಿನ ಗೋಡೆಗೆ ಯಾರೋ ಹಸಿರು ಬಳಿದಿದ್ದಾರೆ, ಆ ಬಣ್ಣದ ಬಟ್ಟೆಯನ್ನು ರಾಕ್ಷಸನ ಪಾತ್ರಕ್ಕೂ ನಾನು ಹೊಲಿದುಕೊಡುತ್ತಿರಲಿಲ್ಲ. ಊಟದ ಬಗ್ಗೆ ಕೇಳಬೇಡ. ಪಕ್ಕದ ಹಾಸಿಗೆಯವಳು ಇಡೀ ದಿನ ತೇಗುತ್ತಾಳೆ.

ನಾಯಿಯ ವಿಷಯ ಇನ್ನೂ ಬಿಡಿಸಿ ಬರೆ. ನೀನು ಒರೆಸುವಾಗ ಕೈಗವಸು ಹಾಕಿಕೊಳ್ಳುತ್ತೀಯಾ? ಆಮೇಲೆ ವಾಸನೆ ಕೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ನಿಜವಾಗಿ ಉಳಿಯುತ್ತದೋ, ಉಳಿದಿದೆ ಎಂದು ನಿನಗೆ ಅನ್ನಿಸುತ್ತದೋ? ಅದೇ ಕೋಣೆಯಲ್ಲಿ ಕೂತು ಊಟ ಮಾಡಲು ಆಗುತ್ತದಾ? ಮೇಲ್ತುಟಿ ಹೋಗಿ ಮೂಗಿಗೆ ತಾಗುವ ಆ ಮುಖ ಇದೆಯಲ್ಲ, ಚಿಕ್ಕಂದಿನಿಂದ ನೀನು ಮಾಡುವುದು, ಅದನ್ನು ನಾಯಿಯ ಎದುರೂ ಮಾಡುತ್ತೀಯಾ?

ಅದು ಬೇಕೆಂದು ಮಾಡುವುದಲ್ಲ ಕಣೋ. ಹಿಡಿದುಕೊಳ್ಳುವುದು ಅದಕ್ಕೆ ಇನ್ನೂ ಗೊತ್ತಿಲ್ಲ ಅಷ್ಟೆ. ಸ್ವಲ್ಪ ತಾಳಿಕೋ. ವಾಪಸು ಮಾತ್ರ ಕೊಡಬೇಡ. ನಾನು ಬರುವುದು ಸ್ವಲ್ಪ ತಡವಾಗಬಹುದು.

ಅಕ್ಕ


ಮಾರ್ಚ್ 17

ಅಕ್ಕಾ,

ಗಂಟು ಹೋಯಿತಲ್ಲ, ಪೀಡೆ ತೊಲಗಿತು ಎಂದುಕೋ. ನನ್ನ ಪೀಡೆ ಇಲ್ಲೇ ಕೂತು ಕುರ್ಚಿಯ ಕಾಲು ಅಗಿಯುತ್ತಿದೆ.

ಪ್ರಶ್ನೆಗಳನ್ನು ಮೇಲಧಿಕಾರಿಯ ಹಾಗೆ ಕೇಳಿದ್ದೀಯ, ಹಾಗೇ ಉತ್ತರಿಸುತ್ತೇನೆ. ಕೈಗವಸು ಒಂದಲ್ಲ, ಎರಡು ಜೊತೆ, ಒಂದರ ಮೇಲೊಂದು. ವಾಸನೆ ಉಳಿಯುತ್ತದೆ, ಊಟದ ತಟ್ಟೆಯವರೆಗೂ ಬರುತ್ತದೆ. ಆ ಕೋಣೆಯಲ್ಲಿ ಊಟ ಮಾಡುವುದನ್ನು ಬಿಟ್ಟು ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತೇನೆ. ಮುಖ ಮಾಡುತ್ತೇನೆ. ಮಾಡದೆ ಇರಲು ನಾನೇನು ಗೊಂಬೆಯಾ?

ಇಲಾಖೆಯಿಂದ ಅಮೋನಿಯಾ ದ್ರಾವಣ ತಂದು ಹಜಾರವನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದೇನೆ. ಕಣ್ಣಲ್ಲಿ ನೀರು ಬರುವಷ್ಟು ಹಾಕುತ್ತೇನೆ. ಒರೆಸಿ ಎದ್ದ ಮೇಲೆ ಅದು ಬಂದು ಮೂಸಿ ಅದೇ ಜಾಗದಲ್ಲಿ, ಅಳತೆ ಪಟ್ಟಿ ಹಿಡಿದು ನೋಡಿದರೂ ಅದೇ ಜಾಗದಲ್ಲಿ, ಮತ್ತೆ ಹೊಯ್ಯುತ್ತದೆ. ಇದು ಹಟವಲ್ಲದೆ ಇನ್ನೇನು?

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬಿಡಿಸಿ ಬರೆ ಎಂದಿದ್ದೀಯ, ಬರೆಯುತ್ತೇನೆ, ಊಟಕ್ಕೆ ಮೊದಲು ಓದಬೇಡ. ಅದು ತನ್ನ ಹೇಲನ್ನು ತಾನೇ ತಿನ್ನುತ್ತದೆ. ನಾನು ಹತ್ತಿರ ಹೋಗುವುದರೊಳಗೆ ಗಬಗಬ ನುಂಗಿ, ಏನೂ ಆಗದವರ ಹಾಗೆ ಬಾಲ ಅಲ್ಲಾಡಿಸುತ್ತ ಗಡ್ಡ ತಂದು ನನ್ನ ಮೊಣಕಾಲಿಗೆ ಒತ್ತುತ್ತದೆ. ಆ ಗಡ್ಡ. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ನನ್ನ ಸ್ವಭಾವ ನಿನಗೆ ಹೊಸದಲ್ಲ. ನಮ್ಮ ಆಫೀಸಿನ ಗುಮಾಸ್ತನ ವಿಷಯ ನಿನಗೆ ಹೇಳಿರಲಿಲ್ಲ ಅಂತ ಕಾಣುತ್ತದೆ. ಹೋದ ವರ್ಷ ಕರುಳಿನ ಆಪರೇಷನ್ ಆಗಿ ಬಂದ. ಪಾಪ, ಒಳ್ಳೆಯವನೇ. ಹೊಟ್ಟೆಯ ಮೇಲೆ ಒಂದು ಚೀಲ ಕಟ್ಟಿದ್ದಾರಂತೆ, ಎಲ್ಲ ಅದರೊಳಗೇ. ಅವನು ನನ್ನ ಪಕ್ಕದ ಮೇಜು. ವಾಸನೆ ಬರುತ್ತಿತ್ತೋ ಇಲ್ಲವೋ ಪ್ರಮಾಣ ಮಾಡಿ ಹೇಳಲಾರೆ, ಆದರೆ ಇದೆ ಎನ್ನುವ ಯೋಚನೆಯೇ ನನಗೆ ಸಾಕಾಯಿತು. ಮೂರನೇ ದಿನ ಬೆಳಕು ಸಾಲುತ್ತಿಲ್ಲ ಎಂದು ಹೇಳಿ ಮೇಜನ್ನು ಕಿಟಕಿಯ ಹತ್ತಿರ ಎತ್ತಿಸಿಕೊಂಡೆ. ಮನುಷ್ಯನ ವಿಷಯದಲ್ಲೇ ಹೀಗಾದರೆ ನಾಯಿಯ ಗತಿ ಏನು, ನೀನೇ ಹೇಳು.

ಯಾವಾಗ ಬರುತ್ತೀ? ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹಸಿರಲ್ಲ, ಬಿಳಿ.

ತಮ್ಮ


ಮಾರ್ಚ್ 22

ತಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆದು ಹಾಸಿಗೆಯ ಕೆಳಗೆ ಇಟ್ಟುಕೊಳ್ಳುತ್ತೇನೆ.

ಗಂಟು ತೆಗೆದರು ಎಂದೆ. ಗಂಟಿನ ಜೊತೆ ಕರುಳನ್ನೂ ತೆಗೆದರು ಎನ್ನಲಿಲ್ಲ. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರಗೆ ತಂದು ಹೊಲಿದಿದ್ದಾರೆ. ಕೆಂಪಗೆ, ಒದ್ದೆಯಾಗಿ, ಕಚ್ಚಿದ ತುಟಿಯ ಹಾಗಿದೆ. ಅದರ ಮೇಲೆ ಚೀಲ. ನಿನ್ನ ಗುಮಾಸ್ತನಿಗೆ ಇರುವಂಥದ್ದೇ. ಮತ್ತೆ ಒಳಗೆ ಸೇರಿಸಲು ಆಗುವುದಿಲ್ಲ, ಇರುವಷ್ಟು ದಿನ ಹೀಗೇ ಎಂದು ಡಾಕ್ಟರು ಹೇಳಿದರು. ಹೇಳುವಾಗ ನನ್ನನ್ನು ನೋಡದೆ ಹಾಳೆ ನೋಡುತ್ತಿದ್ದರು.

ಹೇಸಿಗೆ ಎಂದರೆ ಏನೆಂದು ನಿನಗೆ ಗೊತ್ತು ಎಂದುಕೊಂಡಿದ್ದೀಯಲ್ಲ, ನಿನಗೆ ಏನೂ ಗೊತ್ತಿಲ್ಲ. ನಿನ್ನ ಹೇಸಿಗೆಗೆ ನೀನು ಬೀಗ ಹಾಕಿ ಬರಬಹುದು. ನಾನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮಲಗುತ್ತೇನೆ. ಮೊನ್ನೆ ಅಂಟು ಬಿಟ್ಟು, ಹಾಸಿಗೆ, ಸೀರೆ, ಕೈ ಎಲ್ಲ ಹೊಲಸಾಯಿತು. ಒರೆಸಲು ಬಂದ ಹುಡುಗಿ ಉಸಿರು ಬಿಗಿಹಿಡಿದಿದ್ದಳು. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ನನ್ನ ಮೈಯನ್ನು ಕಂಡರೆ ನನಗೇ ಅಸಹ್ಯ. ಅರವತ್ತಮೂರು ವರ್ಷ ಜೊತೆಗಿದ್ದ ಮೈ ಇದು.

ನಿನ್ನ ಕೈಗವಸಿನ ಬಗ್ಗೆ ಕೇಳಿದ್ದು ನಾಯಿಗಾಗಿ ಅಲ್ಲ. ನಿನ್ನ ಮನೆಗೆ ಬರಬಹುದೇ ಎಂದು ಕೇಳಿದ್ದು ಅದು. ಉತ್ತರ ಬಂತು. ಎರಡು ಜೊತೆ, ಒಂದರ ಮೇಲೊಂದು.

ನೀನು ಹುಟ್ಟಿದಾಗ ನನಗೆ ಎಂಟು ವರ್ಷ. ನಿನ್ನ ಕುಂಡೆ ತೊಳೆದವಳು ನಾನು ಎಂದು ಬರೆದು ನಿನ್ನ ಬಾಯಿ ಮುಚ್ಚಿಸಬಹುದು. ಬರೆಯುವುದಿಲ್ಲ. ಋಣ ತೀರಿಸಲು ನೀನು ಮೂಗು ಹಿಡಿದುಕೊಂಡು ನಿಂತಿರುವುದನ್ನು ನೋಡುವುದಕ್ಕಿಂತ ಆ ತೇಗುವವಳ ಪಕ್ಕದಲ್ಲೇ ಸಾಯುತ್ತೇನೆ.


ಮಾರ್ಚ್ 23

ಮೂಗಪ್ಪಾ,

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ಹಿಂದೆ ಒಂದು ಆರೈಕೆ ಮನೆಯಿದೆ, ಕೆಲವು ದಿನ ಅಲ್ಲಿರುತ್ತೇನೆ. ಎಷ್ಟು ದಿನ ಎಂದು ಈಗಲೇ ಹೇಳಲಾರೆ.

ನಾಯಿಯ ಬಗ್ಗೆ ಯೋಚಿಸಿದೆ. ನೀನು ಹೇಳಿದ್ದೇ ಸರಿ. ನಿನ್ನಂಥವನ ತಲೆಗೆ ಅದನ್ನು ಕಟ್ಟಿದ್ದು ನನ್ನ ತಪ್ಪು. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ವಾಪಸು ಕೊಟ್ಟುಬಿಡು. ಬೇಜಾರು ಮಾಡಿಕೊಳ್ಳುವುದಿಲ್ಲ.

ಅಕ್ಕ


ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಓದಿ ಮೈ ಉರಿಯಿತು. ವಾಪಸು ಮಾತ್ರ ಕೊಡಬೇಡ ಎಂದವಳು ನೀನೇ, ಈಗ ಹಳೆ ಬಟ್ಟೆ ಎಸೆದ ಹಾಗೆ ಕೊಟ್ಟುಬಿಡು ಎನ್ನುವವಳೂ ನೀನೇ. ಒಂದು ತಿಂಗಳು ನಾನು ಹೊಲಸಿನಲ್ಲಿ ಕೈ ಅದ್ದಿದ್ದು ಯಾವ ಸಂಪತ್ತಿಗೆ? ಅಲ್ಲಿ ಆರಾಮವಾಗಿ ಯಾರೋ ಕೈಗೆ ಊಟ ತಂದುಕೊಡುತ್ತಾರೆ, ನಿನಗೆ ಮೇಲಿನ ಕೋಣೆ ಯಾಕೆ ಬೇಕು, ಅಲ್ಲವೇ? ನಿಜವಾಗಿ ಹೇಳುತ್ತೇನೆ, ನಾಯಿಗಿಂತ ನಿನ್ನ ಮೇಲೇ ಜಾಸ್ತಿ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಪೊರಕೆಗೆ ಹಗ್ಗ ಕಟ್ಟಿಕೊಂಡು ಆಶ್ರಯಕ್ಕೆ ಹೊರಟೆ. ಅಲ್ಲಿ ನಾಯಿಗಳಿಗೆ ಪಾಠ ಹೇಳುವ ಒಬ್ಬ ಹೆಂಗಸಿದ್ದಾರೆ, ತರಬೇತಿಯಮ್ಮ ಎನ್ನೋಣ. ವಾಪಸು ತೆಗೆದುಕೊಳ್ಳುವ ಮೊದಲು ಒಂದು ಸಲ ಮನೆ ನೋಡುತ್ತೇನೆ ಎಂದರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮನೆಗೆ ಇನ್‌ಸ್ಪೆಕ್ಷನ್ ಬಂದದ್ದು ಇದೇ ಮೊದಲು.

ಹಜಾರದಲ್ಲಿ ಕಾಲಿಟ್ಟವರೇ ಮೂಗಿಗೆ ಸೆರಗು ಹಿಡಿದರು. "ಸಾರ್, ಏನ್ ಹಾಕಿ ಒರೆಸ್ತೀರ ಇಲ್ಲಿ?"

ಹೆಮ್ಮೆಯಿಂದ ಅಮೋನಿಯಾ ಡಬ್ಬ ತೋರಿಸಿದೆ.

"ನಿಮ್ಮ ಮೂಗಿಗೆ ಇದು ಶುದ್ಧ. ನಾಯಿ ಮೂಗಿಗೆ ಇದು ಉಚ್ಚೆ. ದಿನಾ ಎರಡು ಹೊತ್ತು ನೀವೇ ಬೋರ್ಡು ಬರೆದು ಹಾಕ್ತಿದ್ದೀರ, ಇಲ್ಲೇ ಮಾಡಪ್ಪಾ ಅಂತ. ಅದು ಹೇಳಿದ ಮಾತು ಕೇಳ್ತಿದೆ."

ನನ್ನ ಕಿವಿ ಬಿಸಿಯಾಯಿತು. ತನ್ನ ಹೇಲು ತಾನೇ ತಿನ್ನುವುದನ್ನೂ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದು ಮಾಡಿದ ತಕ್ಷಣ ನೀವೇನ್ ಮಾಡ್ತೀರ, ಸ್ವಲ್ಪ ತೋರಿಸಿ ನೋಡೋಣ" ಎಂದರು. ತೋರಿಸಿದೆ. ದಾಪುಗಾಲು ಹಾಕಿ ಬಂದು ಆ ಮುಖ ಮಾಡಿದೆ. ಪೊರಕೆ ಮೇಜಿನ ಕೆಳಗೆ ತೂರಿಕೊಂಡಿತು.

"ಈ ಮುಖ ನೋಡಿದ್ರೆ ನಾನೂ ಬಚ್ಚಿಡ್ತೀನಿ ಸಾರ್" ಎಂದರು. "ಅದಕ್ಕೆ ಜೇಬಿಲ್ಲ. ಅದಕ್ಕೇ ನುಂಗುತ್ತೆ."

ಹಾಗಾಗಿ ಈಗ ನಾನೂ ತರಬೇತಿಯಲ್ಲಿದ್ದೇನೆ. ಅಮೋನಿಯಾ ಬಂದ್, ಬೇರೆ ದ್ರಾವಣ ಕೊಟ್ಟಿದ್ದಾರೆ. ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಆಫೀಸಿನ ಹೊತ್ತಿನಲ್ಲಿ ಅದೂ ನನ್ನ ಜೊತೆ ಆಫೀಸಿಗೆ ಬರುತ್ತಿದೆ, ಮೇಲಧಿಕಾರಿ ಕಣ್ಣು ಮುಚ್ಚಿಕೊಂಡಿದ್ದಾರೆ. ಅದು ಬೀದಿಯಲ್ಲಿ ಮಾಡಿದ ಕೂಡಲೇ ಕೋಳಿಯ ಚೂರು ಕೊಟ್ಟು, ದನಿ ಸಿಹಿ ಮಾಡಿ "ಜಾಣ" ಎನ್ನಬೇಕು. ಯಾವ ಹೋಟೆಲುಗಳಿಗೆ ಬೀಗ ಹಾಕಿಸಿದ್ದೆನೋ ಅವುಗಳ ಮಾಲೀಕರು ಬಾಗಿಲಿಗೆ ಬಂದು ನಿಂತು ನೋಡುತ್ತಾರೆ, ನಾನು ಒಂದು ನಾಯಿಯ ಹಿಂಭಾಗಕ್ಕೆ ಶಹಬ್ಬಾಸ್‌ಗಿರಿ ಕೊಡುತ್ತಿರುವುದನ್ನು.

ಹೇಸಿಗೆ ಕಡಿಮೆಯಾಗಿದೆಯೇ ಎಂದು ಕೇಳುತ್ತೀ. ಇಲ್ಲ. ಚೂರೂ ಇಲ್ಲ. ಆದರೆ ಅರವತ್ತು ದಿನ ಮುಗಿಯಲು ಇನ್ನೂ ಒಂದು ತಿಂಗಳಿದೆ, ಅರ್ಧಕ್ಕೆ ಬಿಟ್ಟರೆ ತರಬೇತಿಯಮ್ಮನ ಎದುರು ನನ್ನ ಮರ್ಯಾದೆ ಹೋಗುತ್ತದೆ.

ನೀನು ಯಾವತ್ತು ಬರುತ್ತೀ ಎಂದು ತಾರೀಖು ಬರೆ. ಸುತ್ತಿ ಬಳಸಿ ಬೇಡ.

ತಮ್ಮ


ಏಪ್ರಿಲ್ 10

ತಮ್ಮಾ,

ಸುತ್ತಿ ಬಳಸದೆ ಬರೆಯುತ್ತೇನೆ. ಆರೈಕೆ ಮನೆಯಲ್ಲಿ ಖಾಯಂ ಆಗಿ ಇರಲು ಒಂದು ಕೋಣೆ ಕೊಡುತ್ತೇವೆ ಎಂದಿದ್ದಾರೆ. ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು, ಹಾಕುವ ಮನಸ್ಸು ಮಾಡಿದ್ದೇನೆ. ಮೇಲಿನ ಕೋಣೆಯನ್ನು ಬೇರೆ ಯಾರಿಗಾದರೂ ಕೊಡು, ಸುಣ್ಣ ಹೊಡೆಸಿದ್ದು ದಂಡವಾಗುವುದು ಬೇಡ.

ಸುಮ್ಮನೆ ಕೂತು ಬೇಜಾರಾಗಿತ್ತು. ಇಲ್ಲಿಯ ನರ್ಸಮ್ಮ ನಾನು ದರ್ಜಿ ಎಂದು ತಿಳಿದು ಕೆಲಸ ಕೊಟ್ಟರು. ಬಟ್ಟೆಯ ಕವಚ ಹೊಲಿಯುವುದು. ಅಂಗೈಗಿಂತ ಸ್ವಲ್ಪ ದೊಡ್ಡದು, ಕೆಳಗೆ ದುಂಡಗೆ, ಮೇಲೆ ಬಾಯಿ, ಸೊಂಟಕ್ಕೆ ಕಟ್ಟಲು ಎರಡು ಲಾಡಿ. ಒಳಗಡೆ ಹತ್ತಿ ಬಟ್ಟೆ ಇಟ್ಟರೆ ಬೆವರು ಕಚ್ಚುವುದಿಲ್ಲ, ಅದನ್ನು ನಾನೇ ಕಂಡುಹಿಡಿದೆ. ಏಳು ಹೊಲಿದಿದ್ದೇನೆ, ಇನ್ನೂ ಕೇಳುತ್ತಿದ್ದಾರೆ.

ಆ ನಾಯಿ ಈಗಲೂ ನುಂಗುತ್ತದಾ?

ಅಕ್ಕ


ಏಪ್ರಿಲ್ 16

ಅಕ್ಕಾ,

ಹೋಟೆಲಿನವರು ಇನ್‌ಸ್ಪೆಕ್ಷನ್‌ಗೆಂದು ಒಂದು ಪುಸ್ತಕ ಇಟ್ಟಿರುತ್ತಾರೆ. ನೆಲ ತೊಳೆದದ್ದು, ಎಣ್ಣೆ ಬದಲಿಸಿದ್ದು ಎಲ್ಲ ಅದರಲ್ಲಿ ಬರೆದಿರುತ್ತದೆ. ಒಂದೂ ಕಲೆಯಿಲ್ಲದ ಪುಸ್ತಕ ಕಂಡರೆ ನಾನು ನೇರವಾಗಿ ಒಲೆಯ ಹಿಂದೆ ಹೋಗಿ ನೋಡುತ್ತೇನೆ. ನಿನ್ನ ಕಾಗದಗಳು ಆ ಪುಸ್ತಕದ ಹಾಗಿದ್ದವು, ಇಷ್ಟು ದಿನ ನಾನು ನೋಡಲಿಲ್ಲ.

ಕವಚ ಯಾವುದಕ್ಕೆ ಎಂದು ನೀನು ಬರೆಯಲಿಲ್ಲ. ಅಳತೆ ಮಾತ್ರ ಬರೆದೆ. ಕಸುಬಿನವಳು, ಅಳತೆ ಹೇಳದೆ ಇರಲು ನಿನ್ನಿಂದ ಸಾಧ್ಯವಿಲ್ಲ. ಎರಡು ಲಾಡಿ, ಸೊಂಟ, ಬೆವರು. ಬೆವರು ಕಚ್ಚುವುದು ಬೇರೆಯವರಿಗೆ ಹೊಲಿದುಕೊಟ್ಟವಳಿಗೆ ತಿಳಿಯುವುದಿಲ್ಲ. ಹಿಂದಿನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ನಾಯಿ ಹೊಯ್ದದ್ದನ್ನು ಒರೆಸಿದ ಮೇಲೆ ಅದೇ ಕೋಣೆಯಲ್ಲಿ ಊಟ ಮಾಡಲು ಆಗುತ್ತದಾ ಎಂದು ಯಾರಾದರೂ ಕೇಳುತ್ತಾರಾ? ಮಾರ್ಚ್ 17ರಂದು ನಾನು ಬರೆದದ್ದರ ಪ್ರತಿ ನನ್ನ ಬಳಿಯಿಲ್ಲ. ಆದರೆ ಏನು ಬರೆದೆ ಎಂದು ಅಕ್ಷರ ಅಕ್ಷರ ನೆನಪಿದೆ. ನನ್ನ ಕೈ ಕತ್ತರಿಸಿ ಹಾಕಬೇಕು ಅನ್ನಿಸಿತು.

ಮಾರನೆಯ ದಿನ ಗುಮಾಸ್ತನ ಮೇಜಿನ ಹತ್ತಿರ ಹೋಗಿ ನಿಂತೆ. ಪೊರಕೆ ಮೊದಲೇ ಹೋಗಿ ಅವನ ಕಾಲ ಮೇಲೆ ಗಡ್ಡ ಇಟ್ಟುಕೊಂಡು ಮಲಗಿತ್ತು, ಅದು ದಿನಾ ಮಲಗುವುದೇ ಅಲ್ಲಿ. ಒಂದು ವಿಷಯ ಕೇಳಬೇಕಿತ್ತು ಎಂದೆ.

ಅವನು ತಲೆ ಎತ್ತದೆ, "ಕಿಟಕಿ ಹತ್ರ ಬೆಳಕು ಸಾಕಾಗ್ತಿದ್ಯಾ ಸಾರ್?" ಎಂದ.

ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ತಪ್ಪಾಯಿತು ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನಮ್ಮಕ್ಕನಿಗೂ ಹಾಗೇ ಆಗಿದೆ ಅಂತ ಕಾಣುತ್ತೆ ಎಂದು ನಾನು ಹೇಳಿದ ಮೇಲೆ ಅವನು ಪೆನ್ನು ಕೆಳಗಿಟ್ಟ.

"ಮನೇಲಿ ಬಚ್ಚಲು ಎಲ್ಲಿದೆ?" ಎಂದು ಕೇಳಿದ.

"ಕೆಳಗೆ. ಅವಳ ಕೋಣೆ ಮೇಲೆ."

"ಹಾಗಾದ್ರೆ ಮೇಲೆ ನೀವು ಹೋಗಿ. ಅವರು ಬಚ್ಚಲ ಪಕ್ಕದ ಕೋಣೇಲಿರಲಿ. ಕೈಗೆಟಕೋ ಹಾಗೆ ಗೋಡೆಗೊಂದು ಮೊಳೆ, ಮುಚ್ಚಳದ ಬುಟ್ಟಿ, ಕೂತ್ಕೊಳಕ್ಕೆ ಸ್ಟೂಲು. ಒಳಗಿಂದ ಚಿಲಕ. ಅವರು ಒಳಗಿದ್ದಾಗ ಬಾಗಿಲು ತಟ್ಟಿ ಆಯ್ತಾ ಆಯ್ತಾ ಅಂತ ಕೇಳಬೇಡಿ."

ಮೊಳೆ ಹೊಡೆದೆ. ಸ್ಟೂಲು ತಂದೆ. ನನ್ನ ಮಂಚ ಮೇಲಕ್ಕೆ ಹೋಯಿತು, ನಿನ್ನದು ಕೆಳಗೆ ಬಂತು. ಆಫೀಸಿನಲ್ಲಿ ನನ್ನ ಮೇಜನ್ನು ಮೊದಲಿದ್ದ ಜಾಗಕ್ಕೆ ಎತ್ತಿಸಿದೆ. ಗುಮಾಸ್ತ ತನ್ನ ಕಾಗದದ ಕಟ್ಟುಗಳನ್ನು ಸ್ವಲ್ಪ ಆಚೆ ಸರಿಸಿಕೊಂಡ.

ಈಗ ನೀನು ಕೇಳದೆ ಕೇಳಿದ ಪ್ರಶ್ನೆಗೆ ಉತ್ತರ. ನನಗೆ ಹೇಸಿಗೆಯಾಗುತ್ತದೆ. ಆಗುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ನಿನಗೂ ಅದು ಗೊತ್ತಾಗುತ್ತದೆ. ಮುಖ ಮಾಡುತ್ತೇನೆ, ಒಂದೊಂದು ಸಲ ಬಚ್ಚಲಿಗೆ ಓಡಿಯೂ ಹೋಗುತ್ತೇನೆ. ಆಮೇಲೆ ವಾಪಸು ಬಂದು ಒರೆಸುತ್ತೇನೆ. ನನ್ನ ಕೈಲಾಗುವುದು ಇಷ್ಟು. ಬಚ್ಚಿಡುವುದು ಮಾತ್ರ ಬೇಡ. ನನ್ನ ಮುಖ ನೋಡಿ ನಮ್ಮ ಮನೆಯಲ್ಲಿ ಇಬ್ಬರು ನುಂಗುವುದನ್ನು ಕಲಿತಿರಿ, ಅದನ್ನು ನೆನೆಸಿಕೊಂಡರೆ ಬರುವ ಹೇಸಿಗೆಯ ಮುಂದೆ ಉಳಿದದ್ದು ಏನೂ ಅಲ್ಲ.

ಪೊರಕೆ ಈಗ ನುಂಗುವುದಿಲ್ಲ. ಮೊನ್ನೆ ಹಜಾರದಲ್ಲಿ ತಪ್ಪಿ ಮಾಡಿಬಿಟ್ಟಿತು. ನಾನು ಬಂದಾಗ ಅಲ್ಲೇ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅದರ ಕಾಲು ನಡುಗುತ್ತಿತ್ತು, ಆದರೆ ಓಡಲಿಲ್ಲ.

ಆ ಸಹಿ ಹಾಕಬೇಡ.

ತಮ್ಮ


ಏಪ್ರಿಲ್ 21

ಮೂಗಪ್ಪಾ,

ಮಾತಾಡುವುದು ಸುಲಭ. ಒಂದು ಪರೀಕ್ಷೆ ಇಡುತ್ತೇನೆ. ಇರುವುದನ್ನು ಇರುವ ಹಾಗೆ ಬರೆಯುತ್ತೇನೆ, ಪೂರ್ತಿ ಓದು.

ಚೀಲವನ್ನು ದಿನಕ್ಕೆ ನಾಲ್ಕೈದು ಸಲ ಖಾಲಿ ಮಾಡಬೇಕು. ಗಂಜಿಯ ಹಾಗೆ ಇರುತ್ತದೆ, ಒಂದೊಂದು ದಿನ ಬರೀ ನೀರು. ವಾಸನೆ ಹಳಸಿದ ಮೊಟ್ಟೆಯದು, ಈರುಳ್ಳಿ ತಿಂದ ದಿನ ಇನ್ನೂ ಕೆಟ್ಟದು. ಗಾಳಿ ತುಂಬಿದರೆ ಚೀಲ ಉಬ್ಬಿ ರವಿಕೆಯ ಕೆಳಗೆ ಎದ್ದು ಕಾಣುತ್ತದೆ. ಕರುಳನ್ನು ಹೊರಗೆ ತಂದು ಹೊಲಿದ ಆ ಬಾಯಿಗೆ ನಾಚಿಕೆಯಿಲ್ಲ, ನಾಲ್ಕು ಜನರ ಎದುರು ಡರ್ರೆಂದು ಶಬ್ದ ಮಾಡುತ್ತದೆ, ತಡೆಯಲು ಆಗುವುದಿಲ್ಲ. ಅಂಟು ತೆಗೆದಾಗ ಚರ್ಮ ಕಿತ್ತು ರಸಿಗೆ ಒಸರುತ್ತದೆ. ವಾರಕ್ಕೊಮ್ಮೆಯಾದರೂ ಸೋರುತ್ತದೆ. ಸೋರಿದ ದಿನ ನಾನು ಅಳುತ್ತೇನೆ, ಬಾಯಿಗೆ ಬಂದ ಹಾಗೆ ಬಯ್ಯುತ್ತೇನೆ, ಒರೆಸಲು ಬಂದವರನ್ನೇ ಬಯ್ಯುತ್ತೇನೆ. ಇಲ್ಲಿ ಒರೆಸುವ ಹುಡುಗಿ ಎರಡು ಸಲ ಅಳುತ್ತ ಹೋದಳು.

ನೀನು ಮುಖ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಇದೊಂದು ಸಲ ನಾನಿಲ್ಲದಿರುವಾಗಲೇ ಮಾಡಿ ಮುಗಿಸು. ಆಮೇಲೂ ಬಾ ಎನ್ನುವುದಾದರೆ ಬರೆ. ಆಗದಿದ್ದರೆ ಬರೆಯಬೇಡ, ನನಗೆ ಅರ್ಥವಾಗುತ್ತದೆ. ಮೂವತ್ತನೇ ತಾರೀಖಿನ ಸಂಜೆವರೆಗೆ ಆ ಕಾಗದಕ್ಕೆ ಸಹಿ ಹಾಕದೆ ಕಾಯುತ್ತೇನೆ.

ಅಕ್ಕ


ಏಪ್ರಿಲ್ 26

ಅಕ್ಕಾ,

ನಿನ್ನ ಕಾಗದ ಗುರುವಾರ ಬಂತು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿಟ್ಟು ಓದಿದೆ. ಬೇಕೆಂದೇ ಹಾಗೆ ಮಾಡಿದೆ. ಮೊಟ್ಟೆಯ ಸಾಲಿಗೆ ಬರುವಷ್ಟರಲ್ಲಿ ಎದ್ದುಹೋದೆ, ತಟ್ಟೆ ಹಾಗೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಮತ್ತೆ ತಟ್ಟೆಯ ಪಕ್ಕದಲ್ಲಿಟ್ಟು ಓದಿದೆ. ಎರಡು ತುತ್ತು ಇಳಿಯಿತು. ಸಂಜೆ ಓದಿದಾಗ ಅರ್ಧ ತಟ್ಟೆ. ಶನಿವಾರ ರಸಿಗೆಯವರೆಗೆ ಹೋಗಿ ಅಲ್ಲಿ ನಿಂತೆ, ನೀರು ಕುಡಿದೆ, ಮುಂದುವರಿಸಿದೆ. ಪೊರಕೆ ನನ್ನ ಮುಖವನ್ನೇ ನೋಡುತ್ತ ಕೂತಿತ್ತು. ಅದನ್ನು ಇಟ್ಟುಕೊಳ್ಳುತ್ತೇನೆ ಎಂಬ ಆಶ್ರಯದ ಕಾಗದಕ್ಕೆ ಕೊನೆಯ ಸಹಿಯನ್ನೂ ಅದೇ ಮೇಜಿನ ಮೇಲೆ ಹಾಕಿದೆ.

ಇವತ್ತು ಮಧ್ಯಾಹ್ನ ಎಂಟನೆಯ ಸಲ ಓದಿದೆ. ತಟ್ಟೆ ಖಾಲಿಯಾಯಿತು, ಇನ್ನೊಂದು ಸಲ ಬಡಿಸಿಕೊಂಡೆ. ಬಾ.

ತಮ್ಮ